ತೋರಣ ಮಾತ್ರ ಬಂದಿತ್ತು

ಉಚ್ಚಂಗೆಪ್ಪನ ಮನೆಯಲ್ಲಿ ಊಟಕ್ಕೆ ಕೂತರೆ ಮುದ್ದೆಗಿಂತ ಮೊದಲು ಕ್ಯಾಮೆರಾದ ಮಾತು ತಟ್ಟೆಗೆ ಬೀಳುತ್ತಿತ್ತು. ಅಪ್ಪನದೊಂದು ಕ್ಯಾಮೆರಾ, ಮಗನದೊಂದು. ಸವತಿಯರ ಜಗಳಕ್ಕಾದರೂ ಒಂದು ಹೊತ್ತುಗೊತ್ತು ಇದ್ದೀತು, ಇವೆರಡರ ಜಗಳಕ್ಕೆ ಇರಲಿಲ್ಲ. ಸೌಟು ಹಿಡಿದು ನಿಂತ ಕೊಟ್ರಮ್ಮನ ಕಾಲು ಸೋತರೂ ಅಪ್ಪ ಮಗನ ಬಾಯಿ ಸೋಲುತ್ತಿರಲಿಲ್ಲ.

ಚನ್ನಗಿರಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಮನೆ. ಮುಂದಿನ ಅಂಕಣವೇ ಸ್ಟುಡಿಯೊ. ಬಚ್ಚಲಿಗೆ ಅಂಟಿಕೊಂಡ ಕೋಣೆಗೆ ಕಪ್ಪು ಬಟ್ಟೆ ಕಟ್ಟಿ ಅದನ್ನೇ ಫಿಲಂ ತೊಳೆಯುವ ಕತ್ತಲೆ ಕೋಣೆ ಮಾಡಿದ್ದರು. ಫಿಲಮ್ಮಿಗೂ ಫೋಟೋಗೂ ಬೇಕಾದ ನೀರು ಸೇದಿ ಹಾಕುವುದು ಕೊಟ್ರಮ್ಮನ ಕೆಲಸ. ಆ ಔಷಧಿಯ ಹುಳಿವಾಸನೆ ಅವಳ ಸೆರಗಿಗೆ, ಕೂದಲಿಗೆ ಹತ್ತಿ ಎಷ್ಟೋ ವರ್ಷವಾಗಿತ್ತು. ಹಿಟ್ಟು ನಾದುವಾಗಲೂ ಅದೇ ವಾಸನೆ.

ಉಚ್ಚಂಗೆಪ್ಪನ ಕ್ಯಾಮೆರಾ ಕಬ್ಬಿಣದ ಗುಂಡಿನಂತಿತ್ತು. ಅದಕ್ಕೆ ಸೆಲ್ಲು ಬೇಡ, ಏನೂ ಬೇಡ. ಸನ್ನೆ ಎಳೆದರೆ ರೀಲು ಮುಂದೆ ಹೋಗುತ್ತದೆ, ಗುಂಡಿ ಒತ್ತಿದರೆ ಫೋಟೋ ಬರುತ್ತದೆ, ಅಷ್ಟೇ. ಒಮ್ಮೆ ಬಿಳಿಚೋಡಿನ ಹತ್ತಿರ ಬಸ್ಸಿನ ಮೇಲಿಂದ ಉರುಳಿಬಿದ್ದು ಮೂಲೆ ತಗ್ಗಾದರೂ ಅದೇ ಸಂಜೆ ಒಂದು ನಿಶ್ಚಿತಾರ್ಥದ ಫೋಟೋ ತೆಗೆದುಕೊಟ್ಟಿತ್ತು. ಈ ಕಥೆ ಓಣಿಯ ನಾಯಿಗಳಿಗೂ ಬಾಯಿಪಾಠವಾಗಿತ್ತು.

ಮಗ ನಾಗೇಂದ್ರನದು ಹೊಸದು, ಎಲೆಕ್ಟ್ರಾನಿಕ್. ಬೊಂಬಾಯಿಯಿಂದ ದಾವಣಗೆರೆಗೆ ಬಂದ ಮಾಲು. ಹಗುರ, ನುಣುಪು, ಬೆಳಕನ್ನು ತಾನೇ ಅಳೆದುಕೊಳ್ಳುತ್ತದೆ. ಕಣ್ಣಿಟ್ಟು ನೋಡಿದರೆ ಒಳಗೆ ಜೋಳದ ಕಾಳಿನಷ್ಟು ಹಸಿರು ದೀಪ. ಹುಣಸೆಬೀಜದಷ್ಟು ದಪ್ಪದ ಎರಡು ಸೆಲ್ಲುಗಳೇ ಅದರ ಜೀವ. ಅದನ್ನು ತರಲು ಅವನ ಹೆಂಡತಿ ಹಾಲಮ್ಮನ ಚಿನ್ನದ ಬಳೆ ಕೈಬಿಟ್ಟು ಹೋಗಿದ್ದವು.

"ಅದು ಕ್ಯಾಮೆರಾ ಅಲ್ಲ ಕಣೋ, ರೇಡಿಯೊ," ಎನ್ನುತ್ತಿದ್ದ ಉಚ್ಚಂಗೆಪ್ಪ, ಮುದ್ದೆ ಮುರಿಯುತ್ತ. "ಸೆಲ್ಲು ಇದ್ರೆ ಹಾಡ್ತೈತೆ. ಸೆಲ್ಲು ಸತ್ರೆ ಅದೂ ಸತ್ತಂಗೆ."

"ಒಂದ್ಸಾರಿ ಸೆಲ್ಲು ಹಾಕಿದ್ರೆ ವರ್ಷ ಬರ್ತೈತಪ್ಪಾ. ನೀನು ಬೆಳಕು ಅಂದಾಜು ಮಾಡಿ, ಲೆನ್ಸು ತಿರುವಿ, ಒಂದು ಫೋಟೋ ತೆಗೆಯೋ ಹೊತ್ತಿಗೆ ಮದುಮಗಳಿಗೆ ಮೊಮ್ಮಕ್ಕಳು ಆಗಿರ್ತಾವೆ."

"ಆಗ್ಲಿ. ಆ ಮೊಮ್ಮಕ್ಕಳ ಮದುವೆಗೂ ನನ್ನದು ಬರ್ತೈತೆ. ನಿಂದು?"

"ಹಾಡ್ತೈತೋ ಅಳ್ತೈತೋ," ಒಲೆಯ ಮುಂದಿನಿಂದ ಹಾಲಮ್ಮ ಹೇಳುವಳು, "ಕೈ ಬರಿದಾಗಿದ್ದು ಮಾತ್ರ ನಂದು."

ಮಾತು ಅಲ್ಲಿಗೆ ನಿಲ್ಲುತ್ತಿತ್ತು, ಸಂಜೆಯ ಊಟದವರೆಗೆ.

ಎಂಬತ್ತನಾಲ್ಕನೇ ಇಸವಿಯ ವೈಶಾಖದಲ್ಲಿ ಕೊಟ್ರಮ್ಮನ ತಮ್ಮ ತಿಪ್ಪೇಶಪ್ಪ ನ್ಯಾಮತಿಯಲ್ಲಿ ಮಗಳ ಮದುವೆ ಮಾಡಿದ. ತಿಪ್ಪೇಶಪ್ಪನಿಗೆ ಅಲ್ಲೊಂದು ಸೈಕಲ್ ಷಾಪು. ಒಬ್ಬಳೇ ಮಗಳು ಮೂಕಮ್ಮ. ಹೆಸರಿಗೆ ಮೂಕಮ್ಮನಾದರೂ ಮಾತಿನಲ್ಲಿ ಚುರುಕು, ಹೊಲಿಗೆಯಲ್ಲಿ ಇನ್ನೂ ಚುರುಕು. ತಾಯಿಯಿಲ್ಲದ ಹುಡುಗಿ. ಮೈನೆರೆದಾಗ ಆರತಿ ಎತ್ತಿದ್ದರಿಂದ ಹಿಡಿದು ಧಾರೆ ಸೀರೆ ಆರಿಸುವವರೆಗೆ ಎಲ್ಲಕ್ಕೂ ಸೋದರತ್ತೆ ಕೊಟ್ರಮ್ಮನೇ. ಗಂಡು ತಿಪ್ಪೇರುದ್ರಸ್ವಾಮಿ ಜಗಳೂರಿನವನು. ಶೇಂಗಾ ವ್ಯಾಪಾರದ ಮನೆ, ತಾಯಿ ಸುಂಕಲಮ್ಮನದೇ ಕಾರುಬಾರು.

ಫೋಟೋಕ್ಕೆ ನಾಗೇಂದ್ರನೇ ಎಂದು ತಿಪ್ಪೇಶಪ್ಪ ಮೊದಲೇ ಹೇಳಿದ್ದ. ಉಚ್ಚಂಗೆಪ್ಪ ಬರಿಯ ನೆಂಟನಾಗಿ ಬಂದ. ಆದರೂ ಹೆಗಲಿಗೆ ಕ್ಯಾಮೆರಾದ ಚೀಲವಿತ್ತು. ಅದಿಲ್ಲದೆ ಅವನು ಮದುವೆಮನೆಗೆ ಹೋದವನೇ ಅಲ್ಲ.

ಬೆಳಗಿನ ಅರಿಶಿಣದ ಶಾಸ್ತ್ರಕ್ಕೆ ನಾಗೇಂದ್ರ ಬಿಸಿಲಿನಲ್ಲಿ ನಾಲ್ಕಾರು ಫೋಟೋ ತೆಗೆದ. ಮುಹೂರ್ತದ ಹೊತ್ತಿಗೆ ಚಪ್ಪರದೊಳಗೆ ಜನ ಕಿಕ್ಕಿರಿದರು. ನಾಗೇಂದ್ರ ಮಣೆಯ ಮೇಲೆ ಹತ್ತಿ, ಮಂಡಿಯೂರಿ, ಹುಡುಗಿಯರ ನಡುವೆ ತಲೆ ತೂರಿಸಿ ಒಂದೇ ಸಮನೆ ಒತ್ತಿದ. ಫ್ಲ್ಯಾಶು ಮಿಂಚಿದಾಗಲೆಲ್ಲ ಮಕ್ಕಳು ಹೋ ಎಂದರು. ಉಚ್ಚಂಗೆಪ್ಪ ಎದುರಿನ ಕಂಬಕ್ಕೆ ಒರಗಿ ಎಲೆಯಡಿಕೆ ಜಗಿಯುತ್ತ ಮಗನನ್ನೇ ನೋಡುತ್ತಿದ್ದ. ಅಪರೂಪಕ್ಕೆ ಏನೂ ಅನ್ನದೆ ಕೂತಿದ್ದಾನಲ್ಲ ಎಂದು ಕೊಟ್ರಮ್ಮನಿಗೆ ಸಮಾಧಾನವೇ ಆಗಿತ್ತು.

ಊರಿಗೆ ಬಂದ ಮಾರನೆಯ ದಿನ ನಾಗೇಂದ್ರ ಕತ್ತಲೆ ಕೋಣೆಯಿಂದ ಒದ್ದೆ ಫಿಲಂ ಹಿಡಿದು ಹೊರಗೆ ಬಂದ. ಅವನ ಮುಖಕ್ಕೆ ಬೂದಿ ಬಳಿದಂತಿತ್ತು. ಉಚ್ಚಂಗೆಪ್ಪ ಅದನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡಿದ, "ಹೂಂ" ಎಂದ, ಜಗಲಿಗೆ ಹೋಗಿ ಕೂತು ಚಾ ಕೇಳಿದ.

"ಏನಾತೋ?" ಎಂದಳು ಕೊಟ್ರಮ್ಮ.

ಮಗ ಎರಡು ಮೂರು ಫೋಟೋ ಮಾಡಿ ತೋರಿಸಿದ. ಮೇಲ್ಗಡೆ ಎರಡು ಬೆರಳಗಲ ಚಪ್ಪರದ ಮಾವಿನೆಲೆ ತೋರಣ ಸ್ವಚ್ಛವಾಗಿ ಬಂದಿತ್ತು, ಎಲೆಯ ನರ ಎಣಿಸಬಹುದಿತ್ತು. ಅದರ ಕೆಳಗೆ ಮಸಿ ಸುರಿದಂತೆ ಕಪ್ಪು. ಗಂಡಿಲ್ಲ, ಹೆಣ್ಣಿಲ್ಲ, ತಾಳಿಯಿಲ್ಲ. ಅರಿಶಿಣದ್ದೊಂದು ಬಿಟ್ಟು ಧಾರೆಯ ಫೋಟೋಗಳೆಲ್ಲ ಹೀಗೇ.

"ಸೆಲ್ಲು ಸೊರಗಿತ್ತವ್ವ. ಸೆಲ್ಲು ಸೊರಗಿದ್ರೆ ಒಳಗಿನ ಪರದೆ ತನ್ನಿಷ್ಟಕ್ಕೆ ಜೋರಾಗಿ ಓಡ್ತೈತೆ. ಫ್ಲ್ಯಾಶು ಬೆಳಗೋ ಹೊತ್ತಿಗೆ ಪರದೆ ಮುಚ್ಚಾಕೆ ಬಂದಿರ್ತೈತೆ. ಮೇಲಿನ ಚೂರು ಮಾತ್ರ ಬರ್ತೈತೆ."

"ನಿಂಗೆ ಆಗ ಗೊತ್ತಾಗ್ಲಿಲ್ವಾ?"

ನಾಗೇಂದ್ರ ಉಗುರು ಕಡಿದ. "ಒಳಗಿನ ದೀಪ ಹತ್ತಲಿಲ್ಲ. ಮುಂದಿನ ಫೋಟೋಕ್ಕೆ ಹತ್ತಬೋದು ಅಂದ್ಕಂಡೆ. ಗುಂಡಿ ಒತ್ತಿದ್ರೆ ಕ್ಲಿಕ್ ಅಂತಿತ್ತಲ್ಲ! ಅಪ್ಪ ಬ್ಯಾರೆ ಎದುರಿಗೇ ಕೂತು ನೋಡ್ತಿದ್ದ. ನಿಲ್ಲಿಸಿದ್ರೆ ಅಲ್ಲೇ ಜನರ ಮುಂದೆ ನಗ್ತಿದ್ದ."

"ಆಗಿದ್ದು ಆತು. ಜಗಳೂರಿಗೆ ಹೋಗಿ ಇದನ್ನೇ ಹೇಳಿ ಬಾ. ಕ್ಯಾಮೆರಾ ಕೈಕೊಡ್ತು, ತಪ್ಪಾತು ಅನ್ನು."

ನಾಗೇಂದ್ರ ಎರಡು ದಿನ ಮೈಗಳ್ಳತನ ಮಾಡಿ ಕೊನೆಗೆ ಹೋಗಿಬಂದ. ಬರುವಾಗ ಮುಖ ಗೆಲುವಾಗಿತ್ತು. ಕೈಕಾಲು ತೊಳೆದವನೇ ತಟ್ಟೆಗೆ ಕೂತ.

"ಏನಂದ್ರು?"

"ಏನೂ ಅನ್ಲಿಲ್ಲ. ಚಾ ಕೊಟ್ರು. ಬಂದಷ್ಟು ಫೋಟೋ ಕೊಟ್ಟು ಬಂದೆ."

ಒಳ್ಳೆಯ ಜನ ಎಂದುಕೊಂಡಳು ಕೊಟ್ರಮ್ಮ.

ಆಷಾಢಕ್ಕೆ ಮೂಕಮ್ಮ ತವರಿಗೆ ಬಂದಳು. ಶ್ರಾವಣ ಹುಟ್ಟಿದರೂ ಕರೆದೊಯ್ಯಲು ಜಗಳೂರಿನಿಂದ ಯಾರೂ ಬರಲಿಲ್ಲ. ತಿಪ್ಪೇಶಪ್ಪ ಒಂದು ಸೋಮವಾರ ಚನ್ನಗಿರಿಗೆ ಬಂದು ಅಕ್ಕನ ಮುಂದೆ ಕೂತು ಅತ್ತ. ಕೊಟ್ರಮ್ಮ ಅವನ ಜೊತೆಗೇ ಹೊರಟು, ಹೊನ್ನಾಳಿಯಲ್ಲಿ ಬಸ್ಸು ಬದಲಾಯಿಸಿ ನ್ಯಾಮತಿಗೆ ಹೋದಳು.

ಮೂಕಮ್ಮ ಹೊಲಿಗೆ ಮಿಷನ್ನಿನ ಮುಂದಿದ್ದಳು. ಅತ್ತೆಯನ್ನು ನೋಡಿ ಏಳಲಿಲ್ಲ.

"ಯಾಕವ್ವ, ಸಿಟ್ಟೇನು ನನ್ನ ಮ್ಯಾಲೆ?"

"ನಿಮ್ಮ ಮ್ಯಾಲೆ ಯಾಕತ್ತೆ? ನಿಮ್ಮ ಮಗ ಬಂದು ಹೇಳಿಹೋದ ಮಾತು ನಿಮಗೆ ಗೊತ್ತಿಲ್ವೇನು?"

"ಏನು ಹೇಳಿದ?"

ಮೂಕಮ್ಮ ಮಿಷನ್ ನಿಲ್ಲಿಸಿದಳು. "'ನನ್ನ ಕ್ಯಾಮೆರಾದಾಗೆ ಏನೂ ತಪ್ಪಿಲ್ರಿ. ಎಷ್ಟೋ ಮದುವೆ ತೆಗ್ದೀನಿ, ಎಲ್ಲೂ ಹಿಂಗಾಗಿಲ್ಲ. ಹುಡುಗಿ ಮಣೆ ಮ್ಯಾಲೆ ಕೂತ ಗಳಿಗೆ ಹೆಂಗಿತ್ತೋ' ಅಂತ. ನಾನು ಅಡುಗೆಮನ್ಯಾಗೆ ಚಾ ಸೋಸ್ತಿದ್ದೆ, ಅವ್ನಿಗೇ. ಅವತ್ತಿಂದ ಆ ಮನ್ಯಾಗೆ ಹಾಲು ಒಡೆದ್ರೂ ನಾನು, ಶೇಂಗಾಕ್ಕೆ ಬೂಷ್ಟು ಹಿಡಿದ್ರೂ ನಾನು. ಬಂದೋರಿಗೆಲ್ಲ ಆ ಕಪ್ಪು ಫೋಟೋ ತೋರ್ಸೋರು. 'ನೋಡ್ರವ್ವ, ತೋರಣ ಬಂದೈತೆ, ಇವಳು ಬಂದಿಲ್ಲ.' ನನ್ನ ಕೈಯಿಂದ ದೇವರ ದೀಪ ಹಚ್ಚಿಸೋದೂ ಬಿಡಿಸಿದ್ರು."

ಕೊಟ್ರಮ್ಮನಿಗೆ ಆವತ್ತಿನ ಊಟ ನೆನಪಾಯಿತು. ತಾನು ಹೆತ್ತ ಬಾಯಿ ಅದು. ಎರಡು ಸೆಲ್ಲಿನ ಮಾನ ಉಳಿಸಲು ಒಂದು ಹುಡುಗಿಯ ತಲೆಯ ಮೇಲೆ ಗಳಿಗೆ ಹೊರಿಸಿ, ಅವಳೇ ಸೋಸಿದ ಚಾ ಕುಡಿದು, ಗೆಲುವಾಗಿ ಮನೆಗೆ ಬಂದು ಉಂಡಿದ್ದ. ಆವತ್ತು ಎರಡನೇ ಸಲ ಸಾರು ಹಾಕಿಸಿಕೊಂಡಿದ್ದ.

ಮರುದಿನ ಮಧ್ಯಾಹ್ನ ಚನ್ನಗಿರಿಯಲ್ಲಿ ಗಂಡಸರಿಬ್ಬರೂ ಊಟಕ್ಕೆ ಕೂತಿದ್ದಾಗ ಅವಳು ರೊಟ್ಟಿ ಬಡಿಸದೆ ಕೈಯಲ್ಲೇ ಹಿಡಿದು ನಿಂತಳು.

"ಗಳಿಗೆ ಸರಿ ಇರ್ಲಿಲ್ಲ ಅಂದ್ಯಂತೆ?"

ನಾಗೇಂದ್ರ ತಲೆ ಎತ್ತಲಿಲ್ಲ. "ಏನೋ ಮಾತಿಗೆ ಬಂತವ್ವ. ಸೆಲ್ಲು ಸತ್ತಿತ್ತು ಅಂದ್ರೆ ನಾಳೆ ಜಗಳೂರು, ದಾವಣಗೆರೆ ಎಲ್ಲಾ ಕಡೆ ಸುದ್ದಿ ಆಗ್ತಿತ್ತು. ಯಾರು ಕರೀತಿದ್ರು ನನ್ನ? ಅವ್ರು ಹಿಂಗೆ ಹಿಡ್ಕಂತಾರೆ ಅಂತ ನಂಗೇನು ಗೊತ್ತು?"

"ನಿಮ್ಮ ಕ್ಯಾಮೆರಾಕ್ಕೆ ಹೆಸರು ಕೆಡಬಾರ್ದು, ಆ ಹುಡುಗಿ ಕೆಟ್ರೂ ಚಿಂತಿಲ್ಲ," ಎಂದಳು ಹಾಲಮ್ಮ. "ನನ್ನ ಬಳೆ ಕರಗಿಸಿ ಇದನ್ನೇನ್ರಿ ತಂದದ್ದು?"

"ನೀನು ಸುಮ್ನಿರು."

ಆಗ ಉಚ್ಚಂಗೆಪ್ಪ ನಕ್ಕ. ಬಾಯಲ್ಲಿ ತುತ್ತು ಇಟ್ಟುಕೊಂಡೇ ನಕ್ಕ. "ನಾನು ಹೇಳ್ಲಿಲ್ವಾ? ಆ ಡಬ್ಬಿ ಯಾವತ್ತಿದ್ರೂ ನಡುನೀರಾಗೆ ಕೈಬಿಡ್ತೈತೆ ಅಂತ. ತಾಳಿ ಕಟ್ಟೋ ಹೊತ್ತಿಗೇ ನಂಗೆ ಗೊತ್ತಾತು. ಬೆಳಿಗ್ಗೆ ಟಕ್ ಅಂತಿತ್ತು, ಆಮ್ಯಾಲೆ ಬರೇ ಚಿಟ್, ಚಿಟ್. ಇಷ್ಟು ವರ್ಷ ಇದೇ ಸದ್ದು ಕೇಳಿದ ಕಿವಿ. ಇವನಿಗೆ ಗೊತ್ತಾಗ್ದಿದ್ರೆ ನಂಗೆ ಗೊತ್ತಾಗಲ್ವೇನು?"

ಕೊಟ್ರಮ್ಮ ರೊಟ್ಟಿಯನ್ನು ಬುಟ್ಟಿಗೆ ಹಾಕಿದಳು.

"ಏನಂದ್ರಿ? ನಿಮಗೆ ಅಲ್ಲೇ ಗೊತ್ತಾತಾ?"

"ಹೂಂ ಮತ್ತೆ."

"ಚೀಲದಾಗೆ ನಿಮ್ಮ ಕ್ಯಾಮೆರಾ ಇತ್ತು."

"ಇತ್ತು."

"ರೀಲು?"

"ರೀಲೂ ಇತ್ತು. ರೀಲಿಲ್ದೆ ಕ್ಯಾಮೆರಾ ಹೊರೋ ಗಂಡಸಲ್ಲ ನಾನು." ಅದನ್ನು ಅವನು ಹೆಮ್ಮೆಯಿಂದಲೇ ಹೇಳಿದ.

"ಮತ್ತೆ ಯಾಕೆ ತೆಗೀಲಿಲ್ಲ?"

"ನನ್ನ ಕೇಳಿದ್ನೇನು ಅವನು? ಅಪ್ಪಾ, ಸ್ವಲ್ಪ ನೋಡು ಅಂತ ಒಂದು ಮಾತು ಅಂದಿದ್ರೆ ಎದ್ದು ಬರ್ತಿದ್ದೆ. ಮೆರೀತಿದ್ದ. ಮೆರೀಲಿ, ಒಂದ್ಸಾರಿ ಮುಖಕ್ಕೆ ಹೊಡಿಸಿಕೊಳ್ಳಲಿ ಅಂತ ಸುಮ್ನೆ ಕೂತೆ."

"ಹೊಡಿಸಿಕೊಂಡಿದ್ದು ಅವನಲ್ಲ," ಎಂದಳು ಕೊಟ್ರಮ್ಮ. ಧ್ವನಿ ಏರಲಿಲ್ಲ. "ನನ್ನ ತಮ್ಮನ ಮಗಳು. ತಾಯಿ ಇಲ್ದೋಳು."

"ಅದಕ್ಕೆ ನಾನೇನು ಮಾಡ್ಲಿ? ಆ ಮಾತು ಆಡಿದೋನು ನಿನ್ನ ಮಗ."

"ಕ್ಯಾಮೆರಾ ಬಗಲಾಗೆ ಇಟ್ಕಂಡು ಕೂತೋನು ನೀನು!" ನಾಗೇಂದ್ರ ತಟ್ಟೆ ತಳ್ಳಿ ಎದ್ದ. ಅಪ್ಪ ಮಗ ಮತ್ತೆ ಶುರುವಾದರು. ಯಾರದು ಗಟ್ಟಿ, ಯಾರದು ಟೊಳ್ಳು, ಯಾವುದು ಎಷ್ಟು ವರ್ಷ ಬರುತ್ತದೆ. ಮೂಕಮ್ಮನ ಹೆಸರು ಆ ಜಗಳದಲ್ಲಿ ಎಲ್ಲೋ ಒಂದು ಕಡೆ ಬಂದು, ಆಮೇಲೆ ಬರಲೇ ಇಲ್ಲ.

ಕೊಟ್ರಮ್ಮ ಅವರ ತಟ್ಟೆಗಳನ್ನು ತೊಳೆಯುವಾಗ ಎಂಜಲು ಮುಟ್ಟಲು ಅವಳಿಗೆ ಅಸಹ್ಯವಾಯಿತು. ಮೂವತ್ತು ವರ್ಷ ತೊಳೆದ ಎಂಜಲು. ಆ ದಿನ ಅವಳು ಉಣ್ಣಲಿಲ್ಲ. ಹಾಲಮ್ಮ ಒಂದು ಲೋಟ ಮಜ್ಜಿಗೆ ತಂದು ಕೈಗಿಟ್ಟು, "ಅತ್ತೆ, ಜಗಳೂರಿಗೆ ನೀವೇ ಹೋಗಿಬರ್ರಿ. ಇವರಿಬ್ಬರನ್ನ ನಂಬಿದ್ರೆ ಆಗಲ್ಲ," ಎಂದಳು.

ಹೋದಳು. ದಾವಣಗೆರೆ ದಾಟಿದ ಮೇಲೆ ಬಸ್ಸಿನ ಕಿಟಕಿಯಿಂದ ಕೆಂಧೂಳು ನುಗ್ಗಿ ತಲೆ, ಸೆರಗು ಎಲ್ಲ ಮಣ್ಣಾಯಿತು. ಸುಂಕಲಮ್ಮನ ಮನೆಯ ಪಡಸಾಲೆಯಲ್ಲಿ ಶೇಂಗಾದ ರಾಶಿ, ಸುತ್ತ ಕಾಯಿ ಸುಲಿಯುವ ಹೆಂಗಸರು. ಅವರೆಲ್ಲ ಕೇಳಲಿ ಎಂದೇ ಕೊಟ್ರಮ್ಮ ಗಟ್ಟಿಯಾಗಿ ಹೇಳಿದಳು. ಕ್ಯಾಮೆರಾದ ಸೆಲ್ಲು ಸತ್ತಿದ್ದು, ಮಗ ಸುಳ್ಳು ಹೇಳಿದ್ದು, ಗಂಡ ಗೊತ್ತಿದ್ದೂ ಸುಮ್ಮನೆ ಕೂತಿದ್ದು. ಮನೆಯ ಹೊಲಸನ್ನು ಪರರ ಪಡಸಾಲೆಯಲ್ಲಿ ತಂದು ಸುರಿದಂತಾಗಿ ಅವಳ ಕಿವಿ ಬಿಸಿಯಾಯಿತು. ಆದರೂ ಬಿಡದೆ ಹೇಳಿದಳು.

ಸುಂಕಲಮ್ಮ ಪೂರ್ತಿ ಕೇಳಿ, ಅವಳನ್ನು ಒಳಗೆ ಕರೆದು ಕೂರಿಸಿದಳು.

"ಗೊತ್ತೈತೆ ಬೀಗ್ತಿ."

"ಏನು ಗೊತ್ತೈತೆ?"

"ಕ್ಯಾಮೆರಾದ್ದೇ ದೋಷ ಅಂತ. ನಮ್ಮೂರಾಗೂ ಫೋಟೋ ತೆಗೆಯೋನು ಅದಾನಲ್ಲ, ಅವನಿಗೆ ತೋರ್ಸಿದ್ವಿ. ನೋಡಿದ ತಕ್ಷಣ ಹೇಳಿದ."

"ಮತ್ತೆ? ಗೊತ್ತಿದ್ದೂ ಆ ಹುಡುಗೀನ ಹಿಂಗೆ..."

"ನಂಗೆ ಗೊತ್ತಿದ್ರೆ ಸಾಕೇನು? ಊರಿಗೆ ಯಾರು ಹೇಳ್ತಾರೆ? ಬಂದ ನೆಂಟರಿಗೆಲ್ಲ ಆ ಕಪ್ಪು ಫೋಟೋ ತೋರ್ಸಿ ಆಗೈತೆ. ಈಗ ಕ್ಯಾಮೆರಾ ಕೆಟ್ಟಿತ್ತು ಅಂದ್ರೆ, ಸುಂಕಲಮ್ಮಂದೇ ಬಾಯಿ ಕೆಟ್ಟಿತ್ತು ಅಂತಾರೆ." ಆಕೆ ಎಲೆಗೆ ಸುಣ್ಣ ಸವರಿದಳು. "ಒಂದು ಕೆಲ್ಸ ಮಾಡ್ರಿ. ನ್ಯಾಮತ್ಯಾಗೇ ಇನ್ನೊಂದ್ಸಾರಿ ಚಪ್ಪರ ಹಾಕಿಸ್ರಿ. ಹುಡುಗ ಹುಡುಗೀನ ಕೂರ್ಸಿ ಧಾರೆ, ತಾಳಿ ಎಲ್ಲಾ ಮತ್ತೆ ಫೋಟೋ ತೆಗೀರಿ. ಫೋಟೋ ಸಿಕ್ತು, ಬ್ಯಾರೆ ರೀಲಿನಾಗಿತ್ತು ಅಂತ ಹೇಳಿ ಎಲ್ರಿಗೂ ತೋರಿಸ್ತೀನಿ. ಅವತ್ತೇ ಕರ್ಕಂಡು ಬರ್ತೀವಿ."

ಹಳೆಯ ಸುಳ್ಳಿಗೆ ಹೊಸ ಸುಳ್ಳಿನ ತೇಪೆ. ಚಾ ಲೋಟ ಮುಟ್ಟದೆ ಎದ್ದು ಬರಬೇಕೆನಿಸಿತು ಕೊಟ್ರಮ್ಮನಿಗೆ. ಆದರೆ ಹುಡುಗಿಯ ಬಾಳು. ಕುಡಿದಳು, ಆಗಲಿ ಎಂದಳು. ಹಾಗೆಂದದ್ದಕ್ಕೆ ಬಸ್ಸಿನುದ್ದಕ್ಕೂ ತನ್ನ ಮೇಲೇ ಹೇಸಿಕೊಂಡಳು.

ಮನೆಯಲ್ಲಿ ಸುದ್ದಿ ಹೇಳುತ್ತಲೇ ಗಂಡಸರಿಬ್ಬರಿಗೂ ಜೀವ ಬಂತು. "ಈ ಸಾರಿ ನಾನೇ ತೆಗೆಯೋದು," ಎಂದ ಉಚ್ಚಂಗೆಪ್ಪ. "ಹೊಸ ಸೆಲ್ಲು ತರಿಸೀನಿ, ನಾನೇ ತೆಗೀತೀನಿ," ಎಂದ ನಾಗೇಂದ್ರ. ಕೊನೆಗೆ ಇಬ್ಬರೂ ತೆಗೆಯುವುದು, ಯಾರದು ಚೆನ್ನಾಗಿ ಬರುತ್ತದೋ ನೋಡೇಬಿಡೋಣ ಎಂದು ಪಂಥವಾಯಿತು. ಹಾಲಮ್ಮ ಕೇಳಿ ಕೇಳಿ ಎದ್ದುಹೋಗಿ ಹಿತ್ತಿಲಲ್ಲಿ ಉಗುಳಿ ಬಂದಳು.

ಮೂಕಮ್ಮ ಮೊದಲು ಒಪ್ಪಲಿಲ್ಲ. "ಗೊಂಬೆ ಆಟ ಆಡಾಕೆ ನಾನೇನು ಎಳೇ ಹುಡುಗೀನಾ ಅತ್ತೆ?" ಎಂದಳು.

"ಒಂದು ಗಂಟೆ ಕಣ್ಣು ಮುಚ್ಕಂಡು ಕೂತ್ಬಿಡವ್ವ. ನಿನ್ನ ಮನೆ ನಿಂಗಾಗ್ತೈತೆ. ನನ್ನ ಮಾತು ಕೇಳು." ಕೊಟ್ರಮ್ಮ ಕೈ ಹಿಡಿದು ಬೇಡಿಕೊಂಡಳು. ಹುಡುಗಿ ಅವಳ ಮುಖ ನೋಡಿ, "ನೀವು ಹೇಳ್ತೀರಿ ಅಂತ," ಎಂದಳು.

ಗೌರಿ ಹಬ್ಬ ಕಳೆದ ಮೇಲೆ ಒಂದು ಭಾನುವಾರ ನ್ಯಾಮತಿಯಲ್ಲಿ ನಾಲ್ಕು ಗಳ ನೆಟ್ಟು ಚಪ್ಪರವಾಯಿತು. ಮಾವಿನೆಲೆ ಕಟ್ಟಿದರು. ಐನೋರನ್ನು ಕರೆಯಲಿಲ್ಲ, ಫೋಟೋಕ್ಕೆ ಮಂತ್ರ ಯಾಕೆ ಎಂದಳು ಸುಂಕಲಮ್ಮ. ಜಗಳೂರಿನ ನೆಂಟರ ಜಾಗದಲ್ಲಿ ಓಣಿಯ ಹೆಂಗಸರನ್ನು ಹೊಸ ಸೀರೆ ಉಡಿಸಿ ನಿಲ್ಲಿಸಿದಳು. ಕುಳ್ಳಿಯರು ಮುಂದೆ, ಉದ್ದದವರು ಹಿಂದೆ. ಮದುಮಗ ಬಾಸಿಂಗ ಕಟ್ಟಿಕೊಂಡು ಕೈಗಡಿಯಾರ ನೋಡುತ್ತಿದ್ದ.

ಉಚ್ಚಂಗೆಪ್ಪ ಆ ಕಡೆ, ನಾಗೇಂದ್ರ ಈ ಕಡೆ.

"ತಲೆ ಬಗ್ಗಿಸವ್ವ. ಅಷ್ಟಲ್ಲ. ಕಣ್ಣಾಗೆ ಚೂರು ನೀರು ಬಂದ್ರೆ ಚಂದ," ಎಂದ ಉಚ್ಚಂಗೆಪ್ಪ.

"ಅಪ್ಪಾ, ನಿನ್ನ ನೆರಳು ಬೀಳ್ತೈತೆ, ಅತ್ತಾಗೆ ಸರಿ."

"ನೀನು ಸರಿ. ಅಕ್ಷತೆ ಈಗ್ಲೇ ಹಾಕಬ್ಯಾಡ್ರವ್ವ! ಕ್ಯಾಮೆರಾಕ್ಕೆ ಬೀಳ್ತೈತೆ."

ತಾಳಿಯ ಫೋಟೋದ ಸರದಿ ಬಂತು. ಶಾಸ್ತ್ರಕ್ಕಿರಲೆಂದು ತಿಪ್ಪೇಶಪ್ಪ ದಾರಕ್ಕೊಂದು ಅರಿಶಿಣದ ಕೊಂಬು ಕಟ್ಟಿ ತಂದಿದ್ದ. ಮದುಮಗ ಅದನ್ನು ಹಿಡಿದು ಬಾಗಿದ. ಉಚ್ಚಂಗೆಪ್ಪ ಕ್ಯಾಮೆರಾದಿಂದ ಕಣ್ಣು ತೆಗೆದ.

"ಹಿಂಗಾಗಲ್ಲ. ಕೊಳ್ಳಾಗಿನ ತಾಳಿ ಕಾಣ್ತೈತೆ. ಎರಡು ತಾಳಿ ಆಗ್ತಾವೆ. ಬಿಚ್ಚವ್ವ ಒಂದು ನಿಮಿಷ. ಅದನ್ನೇ ಕಟ್ಟಲಿ."

ನಿಂತಿದ್ದ ಹೆಂಗಸರಲ್ಲಿ ಒಬ್ಬಳು "ಅಯ್ಯೋ ಶಿವನೇ" ಎಂದಳು. ಗಂಡ ಎದುರಿಗೆ ಕೂತಿರುವಾಗ ತಾಳಿ ಬಿಚ್ಚುವ ಮಾತನ್ನು ಅಲ್ಲಿ ಯಾರೂ ಕೇಳಿದವರಲ್ಲ. ಕೊಟ್ರಮ್ಮ ಮಗನ ಕಡೆ ನೋಡಿದಳು, ಅವನಾದರೂ ಬೇಡ ಎಂದಾನು ಎಂದು.

"ಹೌದು, ಬಿಚ್ಚಿದ್ರೇ ಒಳ್ಳೇದು," ಎಂದ ನಾಗೇಂದ್ರ. "ಹತ್ತಿರದಿಂದ ತೆಗೆದ್ರೆ ಎದ್ದು ಕಾಣ್ತೈತೆ."

ಅಪ್ಪ ಮಗ ಒಂದು ಮಾತಿಗೆ ಒಪ್ಪಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

"ಬ್ಯಾಡ್ರಿ," ಎಂದಳು ಕೊಟ್ರಮ್ಮ. "ಅದೊಂದು ಬ್ಯಾಡ."

"ಏನಾಗ್ತೈತೆ ಬೀಗ್ತಿ, ಈಗ್ಲೇ ಕಟ್ತಾನಲ್ಲ," ಎಂದಳು ಸುಂಕಲಮ್ಮ. ತಿಪ್ಪೇಶಪ್ಪ ನೆಲ ನೋಡುತ್ತ ನಿಂತ.

ಮೂಕಮ್ಮ ಗಂಡನ ಕಡೆ ತಿರುಗಿದಳು. "ನೀವೇನಂತೀರಿ?"

"ಅವ್ವ ಹೇಳ್ದಂಗೆ ಮಾಡು. ನಾಲ್ಕು ಗಂಟೆ ಬಸ್ಸು ತಪ್ಪಿದ್ರೆ ಜಗಳೂರಿಗೆ ಇನ್ನು ಬಸ್ಸಿಲ್ಲ."

ಮೂಕಮ್ಮ ತಲೆಯ ಸೆರಗು ಸರಿಸಿ ಕೊರಳಿಗೆ ಎರಡೂ ಕೈ ಒಯ್ದಳು. ಗಂಟು ಬಿಗಿಯಾಗಿತ್ತು. ಬಿಚ್ಚಿ, ಗಂಡ ಚಾಚಿದ ಕೈಗೆ ಕೊಡದೆ, ಅವನ ಮುಂದಿನ ಮಣೆಯ ಮೇಲಿಟ್ಟಳು. ಎದ್ದು ನಿಂತಳು.

"ನಿಮಗೆ ಬೇಕಾಗಿದ್ದು ಇದೇ ಅಲ್ವಾ? ತೆಗೀರಿ ಫೋಟೋ."

"ಕೂಡ್ರವ್ವ, ಬೆಳಕು ಹೋಗ್ತೈತೆ," ಎಂದ ಉಚ್ಚಂಗೆಪ್ಪ. ಅವನಿಗೆ ಇನ್ನೂ ಏನೂ ತಿಳಿದಿರಲಿಲ್ಲ.

"ನಾನು ಕೂಡ್ರಲ್ಲ ಮಾವ. ಒಂದ್ಸಾರಿ ಕಟ್ಟಿದ್ದು ಫೋಟೋದಾಗೆ ಬರ್ಲಿಲ್ಲ ಅಂತ ಮನೆ ಬಿಡಿಸಿದ್ರು. ಎರಡನೇ ಸಾರಿ ಕಟ್ಟಿದ್ದು ಬರೇ ಫೋಟೋಕ್ಕೇ ಆಗ್ತೈತೆ. ನಂಗೆ ಬ್ಯಾಡ." ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹೊಲಿಗೆ ಮಿಷನ್ನಿನ ಸದ್ದು ಕೇಳಿಸಿತು.

ಸುಂಕಲಮ್ಮ ಕೊಟ್ರಮ್ಮನ ರಟ್ಟೆ ಹಿಡಿದಳು. "ಹೇಳ್ರಿ ಬೀಗ್ತಿ ನಿಮ್ಮ ಹುಡುಗಿಗೆ. ನಿಮ್ಮ ಮಾತು ಕೇಳ್ತಾಳೆ."

"ಕೇಳ್ತಾಳೆ. ಕೇಳಿದ್ದಕ್ಕೇ ಇವತ್ತು ಈ ಮಣೆ ಮ್ಯಾಲೆ ಕೂತ್ಲು. ಇನ್ನೊಂದು ಮಾತು ಹೇಳಾಕೆ ನಂಗೆ ಬಾಯಿಲ್ಲ," ಎಂದಳು ಕೊಟ್ರಮ್ಮ. ಮಣೆಯ ಮೇಲಿದ್ದ ತಾಳಿಯನ್ನು ಎತ್ತಿ ಸುಂಕಲಮ್ಮನ ಅಂಗೈಗಿಟ್ಟು ಬೆರಳು ಮಡಚಿದಳು. "ಬಸ್ಸಿಗೆ ಹೊತ್ತಾಗ್ತೈತೆ ಅಂದ್ರಲ್ಲ, ಹೊರಡ್ರಿ."

ಬೈಗುಳ, ಶಾಪ, ಪಂಚಾಯ್ತಿಯ ಬೆದರಿಕೆ ಎಲ್ಲ ಆಯಿತು. ಆದರೂ ನಾಲ್ಕು ಗಂಟೆ ಬಸ್ಸಿಗೆ ಅವರು ಹೋದರು. ತಿಪ್ಪೇಶಪ್ಪ ಚಪ್ಪರದ ಗಳ ಕೀಳತೊಡಗಿದ. ಅಕ್ಕನ ಕಡೆ ತಿರುಗಿಯೂ ನೋಡಲಿಲ್ಲ.

ಕೊಟ್ರಮ್ಮ ಗಂಡ ಮಗನ ಜೊತೆ ಹೊನ್ನಾಳಿಯ ಬಸ್ಸು ಹತ್ತಿದಳು. ಹಿಂದಿನ ಸೀಟಿನಲ್ಲೇ ಅವರಿಬ್ಬರೂ ಸ್ವಲ್ಪ ದೂರದವರೆಗೆ ಪೆಚ್ಚಾಗಿ ಕೂತಿದ್ದರು. ಊರು ದಾಟಿದ ಮೇಲೆ ಮೆಲ್ಲಗೆ ಮಾತು ಹತ್ತಿತು. ಅಕ್ಷತೆಯ ಫೋಟೋ ತನ್ನದೇ ಚೆನ್ನಾಗಿ ಬಂದಿರುತ್ತದೆ ಎಂದ ನಾಗೇಂದ್ರ. ಹೊಸ ಸೆಲ್ಲು, ದೀಪ ಒಮ್ಮೆಯೂ ತಪ್ಪಲಿಲ್ಲ. ತೊಳೆದ ಮೇಲೆ ನೋಡೋಣ ಎಂದ ಉಚ್ಚಂಗೆಪ್ಪ. ಹೊನ್ನಾಳಿ ಹತ್ತಿರ ಬರುವಷ್ಟರಲ್ಲಿ ದನಿ ಏರಿ, ಉಚ್ಚಂಗೆಪ್ಪ ಮುಂದೆ ಬಾಗಿ ಹೆಂಡತಿಯ ಭುಜ ತಟ್ಟಿದ.

"ನೀನೇ ಹೇಳೆ, ಇವತ್ತು ಯಾರ ಕ್ಯಾಮೆರಾ ಕೈಕೊಡ್ತು? ಎರಡೂ ಕೊಡ್ಲಿಲ್ಲ. ಹುಡುಗಿ ಕೈಕೊಟ್ಲು, ಅಲ್ವಾ?"

ಆ ಕೈ ಭುಜದ ಮೇಲಿದ್ದಷ್ಟು ಹೊತ್ತೂ ಕೊಟ್ರಮ್ಮನ ಮೈಮೇಲೆ ಹುಳು ಹರಿದಂತಾಯಿತು. ಹೊನ್ನಾಳಿ ಸ್ಟ್ಯಾಂಡಿನಲ್ಲಿ ಮೂವರೂ ಇಳಿದರು. ಚನ್ನಗಿರಿಯ ಬಸ್ಸು ನಿಂತಿತ್ತು. ಗಂಡಸರು ಹತ್ತಿ ಸೀಟು ಹಿಡಿದರು. ಅವಳು ಹತ್ತಲಿಲ್ಲ.

"ಬಾರೆ, ಏನು ನೋಡ್ತಿ?" ಕಿಟಕಿಯಿಂದ ಕೂಗಿದ ಉಚ್ಚಂಗೆಪ್ಪ.

"ನೀವು ಹೋಗ್ರಿ."

"ನೀನು?"

"ನಾನು ಬರಲ್ಲ. ಹಾಲಮ್ಮಂಗೆ ಹೇಳ್ರಿ, ನಿಮ್ಮಿಬ್ಬರ ಫಿಲಮ್ಮಿಗೆ ಅವಳೂ ನೀರು ಸೇದೋದು ಬ್ಯಾಡ ಅಂತ."

ಅವನು ಏನೋ ಕೂಗಿದ. ಬಸ್ಸು ಹೊರಟ ಸದ್ದಿನಲ್ಲಿ ಕೇಳಿಸಲಿಲ್ಲ. ನಾಗೇಂದ್ರ ಇಳಿದು ಬಂದಾನೆಂದು ಅವಳು ಒಂದು ಗಳಿಗೆ ನಿಂತು ನೋಡಿದಳು. ಬರಲಿಲ್ಲ. ನ್ಯಾಮತಿಯ ಬಸ್ಸಿಗೆ ಟಿಕೆಟ್ ಮಾಡಿಸಿದಳು.

ಅವಳು ತಮ್ಮನ ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ತಿಪ್ಪೇಶಪ್ಪ ಹೊರಗೆಲ್ಲೋ ಹೋಗಿದ್ದ. ಮೂಕಮ್ಮ ಬರಿಗೊರಳಿನಲ್ಲಿ ಮಿಷನ್ನಿನ ಮುಂದೆ ಕೂತಿದ್ದಳು. ಅತ್ತು ಕಣ್ಣು ಊದಿದ್ದವು.

"ಏನು ಮರ್ತು ಹೋಗಿದ್ರಿ ಅತ್ತೆ?"

"ಏನೂ ಮರ್ತಿಲ್ಲ. ಇಲ್ಲೇ ಇರಾಕೆ ಬಂದೆ."

ಹುಡುಗಿ ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಿ ನೋಡಿದಳು. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.

"ಅಪ್ಪ ಬೈತಾನೆ. ಇವತ್ತು ನಂಗೂ ಬೈದು ಹೋಗ್ಯಾನೆ."

"ಬೈಲಿ," ಎಂದಳು ಕೊಟ್ರಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆಯ ಕಡೆ ನಡೆಯುತ್ತ. "ಒಬ್ಬಳೇ ಇದ್ದಾಗ ಬೈದ. ಈಗ ಇಬ್ಬರಿದೀವಿ, ಬೈಲಿ ನೋಡಾನ."